ಬಿಪಿ ನೋಡಿ, ಮಾತ್ರೆ ಹೇಳಬೇಡಿ

ಪ್ರಶ್ನೆ: ಯಲಹಂಕದ ವೀಲ್ ಅಂಡ್ ಆಕ್ಸಲ್ ಕಾರ್ಖಾನೆಯಿಂದ ನಿವೃತ್ತನಾದವನು ನಾನು, ವಯಸ್ಸು 66. ನಮ್ಮ ಹಿರಿಯರ ಸಂಘದವರು ಕೆಲವರಿಗೆ ತರಬೇತಿ ಕೊಡಿಸಿ, ಓರಗೆಯವರ ಮನೆಗೆ ಹೋಗಿ ಬಿಪಿ, ಶುಗರ್ ನೋಡಿ ಬರುವ ಕೆಲಸ ವಹಿಸುತ್ತಾರಂತೆ. ನನಗೆ ಆಸೆಯಿದೆ. ಆದರೆ ನನಗೇ ಬಿಪಿ. ಮಗನೋ, 'ನಾಳೆ ಯಾರಿಗಾದರೂ ಏನಾದರೂ ಆದರೆ ನಿಮ್ಮ ತಲೆಗೇ ಬರುತ್ತೆ' ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಸೇರಿಕೊಳ್ಳಿ. ಬಿಪಿ ಇರುವವರೇ ಈ ಕೆಲಸಕ್ಕೆ ಬೇಕು. ಬೇಸರ ಬಂದು ಎರಡು ದಿನ ಮಾತ್ರೆ ಬಿಟ್ಟೆ ಅಂತ ಡಾಕ್ಟರ ಮುಂದೆ ಬಾಯಿ ಬಿಡದವರು ನಿಮ್ಮ ಮುಂದೆ ಹೇಳಿಕೊಳ್ಳುತ್ತಾರೆ. ಆಶಾ ಕಾರ್ಯಕರ್ತೆಯರಿಗೆ ಬಾಣಂತಿ, ಲಸಿಕೆ, ಸರ್ವೆಗಳ ನಡುವೆ ಒಂಟಿ ಅಜ್ಜಿಯ ಮನೆಯಲ್ಲಿ ಅರ್ಧ ಗಂಟೆ ಕೂರಲು ಪುರುಸೊತ್ತೆಲ್ಲಿ? ಓರಗೆಯವರು ಕೂತು ಕೇಳಿದರೂ ಫಲವಿದೆ. ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಬಡಾವಣೆಯ ಅಜ್ಜಿಯರಿಗೇ ತರಬೇತಿ ಕೊಟ್ಟು, ಜನರ ಮನಸ್ಸಿನ ದುಗುಡ ಕೇಳಲು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂರಿಸಿದರು. 573 ಜನರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿ ಮಾತಾಡಿ ಹೋದವರ ಖಿನ್ನತೆ ಮಾಮೂಲಿ ಆರೈಕೆ ಪಡೆದವರಿಗಿಂತ ಚೆನ್ನಾಗಿಯೇ ಇಳಿದಿತ್ತು.

ಮಗನ ಭಯವನ್ನೂ ತಳ್ಳಿಹಾಕಬೇಡಿ. ಸಂಘದವರನ್ನು ಮೊದಲೇ ಕೇಳಿ: ನಮ್ಮ ಹಿಂದೆ ಯಾವ ಡಾಕ್ಟರು, ಸರ್ಕಾರದ ಯಾವ 'ನಮ್ಮ ಕ್ಲಿನಿಕ್' ಇದೆ? ರೀಡಿಂಗ್ ಹೆಚ್ಚು ಬಂದರೆ ಯಾರಿಗೆ ಫೋನ್ ಮಾಡಬೇಕು? ಉತ್ತರ ಸಿಗದಿದ್ದರೆ ನನ್ನ ಮಾತು ವಾಪಸ್, ಸೇರಬೇಡಿ.

ಬಿಪಿ ನೋಡುವುದರಲ್ಲೇ ಎಷ್ಟೋ ಎಡವಟ್ಟಾಗುತ್ತದೆ. ಮೆಟ್ಟಿಲು ಹತ್ತಿ ಬಂದವರಿಗೆ, ಕಾಫಿ ಲೋಟ ಕೈಲಿರುವವರಿಗೆ ಕಫ್ ಸುತ್ತಬೇಡಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ; ಪಾದ ನೆಲದ ಮೇಲಿರಲಿ, ತೋಳು ಎದೆಯ ಮಟ್ಟಕ್ಕೆ ಬರಲಿ. ಅಷ್ಟು ಹೊತ್ತು ಮಾತು ಬೇಡ (ಇದೇ ಕಷ್ಟ, ಗೊತ್ತು). ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆಯಿರಿ. 180/120 ದಾಟಿದ್ದರೆ ಆ ಡಾಕ್ಟರಿಗೆ ತಕ್ಷಣ ತಿಳಿಸಿ. ಎದೆನೋವು, ಉಸಿರಾಟದ ಕಷ್ಟ, ತೊದಲು ಮಾತು, ಬಾಯಿ ಸೊಟ್ಟಗಾಗುವುದು ಇವುಗಳಲ್ಲಿ ಒಂದು ಕಂಡರೂ ಯಂತ್ರ ಬದಿಗಿಟ್ಟು 108ಕ್ಕೆ ಕರೆ ಮಾಡಿ.

ಮಾತ್ರೆಯ ಡಬ್ಬವನ್ನೂ ಒಮ್ಮೆ ತೆರೆಸಿ. ಒಂದೇ ಆಮ್ಲೋಡಿಪಿನ್ ಎರಡು ಕಂಪನಿಗಳ ಹೆಸರಲ್ಲಿ ಬೆಳಿಗ್ಗೆ ಒಂದು, ರಾತ್ರಿ ಒಂದು ಹೊಟ್ಟೆಗೆ ಹೋಗುತ್ತಿರಬಹುದು. ಕಂಡರೆ ಬರೆದುಕೊಂಡು ಅಂದೇ ಡಾಕ್ಟರಿಗೆ ತಿಳಿಸಿ. 'ಇದನ್ನು ಬಿಡಿ' ಅನ್ನುವ ಮಾತು ನಿಮ್ಮ ಬಾಯಿಂದ ಬರಬಾರದು. ನಿಮಗೆ ಒಗ್ಗಿದ ಮಾತ್ರೆಯನ್ನು ಪಕ್ಕದವರಿಗೆ ಶಿಫಾರಸು ಮಾಡುವ ಚಪಲವೂ ಬೇಡ.

ಇನ್ನು ಗುಟ್ಟು. ಯಂತ್ರಕ್ಕಿಂತ ಇದೇ ಕಠಿಣ. ಒಬ್ಬರ ಶುಗರ್, ಇನ್ನೊಬ್ಬರ ಸೊಸೆಯ ಜಗಳ ಬೆಳಗಿನ ವಾಕಿಂಗ್ ಗುಂಪಿನಲ್ಲಿ ಒಮ್ಮೆ ಹೊರಬಿದ್ದರೆ ಮತ್ತೆ ಯಾರೂ ಬಾಗಿಲು ತೆರೆಯುವುದಿಲ್ಲ. ಮನೆಯವರೇ ಹಿಂಸೆ ಕೊಡುತ್ತಿದ್ದಾರೆಂದು ಯಾರಾದರೂ ಹೇಳಿಕೊಂಡರೆ ಹಿರಿಯರ ಸಹಾಯವಾಣಿ 14567 ಇದೆ. ಅವರ ಒಪ್ಪಿಗೆ ಪಡೆದು, ಅವರ ಪಕ್ಕದಲ್ಲಿ ಕೂತೇ ಕರೆ ಮಾಡಿಸಿ.

ಮೊದಮೊದಲು ವಾರಕ್ಕೆ ಎರಡು ಮಧ್ಯಾಹ್ನ ಸಾಕು. ಯಾರ ಮನೆ ಎಷ್ಟನೇ ಮಹಡಿಯಲ್ಲಿದೆ, ಲಿಫ್ಟ್ ಇದೆಯೇ ಎಂದು ಮುಂಚೆಯೇ ವಿಚಾರಿಸಿಕೊಳ್ಳಿ. ನಿಮ್ಮ ಮಂಡಿಗೂ 66.