ಸಾಕ್ಷಿ ಹೇಳುವವನೇ ತೀರ್ಪು ಕೊಟ್ಟಾಗ



‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಓದಿ ಮುಗಿಸಿದ ನೀನು, ಅದರಲ್ಲಿನ ಜೋರ್ಡನ್ ಬೇಕರ್ ದುಡ್ಡಿನ ಬಿಂಕದವಳು, ಸುಳ್ಳುಗಾತಿ, ಎದೆಯಲ್ಲಿ ಏನೂ ಇಲ್ಲದವಳು ಎಂದು ಬರೆದಿದ್ದೀಯ. ಈ ಮಾತು ನಿನ್ನದೋ, ಕಥೆ ಹೇಳುವ ನಿಕ್ ಕ್ಯಾರವೇಯದೋ? ಫಿಟ್ಜೆರಾಲ್ಡ್ 1925ರಲ್ಲಿ ಪ್ರಕಟಿಸಿದ ಈ ಕಾದಂಬರಿಯಲ್ಲಿ ನಿಕ್‌ನನ್ನು ಹಾಯದೆ ಜೋರ್ಡನ್ ನಮ್ಮವರೆಗೆ ಬರುವುದೇ ಇಲ್ಲ. ಅವಳಿಗೆ ಮನಸೋತು, ಆಮೇಲೆ ಅವಳನ್ನು ಬಿಟ್ಟವನೇ ಅವಳ ಕಥೆಯನ್ನೂ ಹೇಳುತ್ತಿದ್ದಾನೆ. ಹಾಗಾಗಿ ಅಕ್ಕಿಯಿಂದ ಕಲ್ಲು ಆರಿಸುವಂತೆ, ಅವನು ಕಂಡದ್ದರಿಂದ ಅವನು ಅಂದದ್ದನ್ನು ಬೇರೆ ಮಾಡಿ ಓದಬೇಕು.

ಗಾಲ್ಫ್ ಪಂದ್ಯದಲ್ಲಿ ಅವಳು ಚೆಂಡನ್ನು ಸರಿಸಿದಳೆಂಬ ಪುಕಾರನ್ನೇ ನೋಡು. ಅವಳ ಆಟದ ಚೀಲ ಹೊರುವ ಕ್ಯಾಡಿ ತನ್ನ ಹೇಳಿಕೆಯನ್ನು ಹಿಂದೆಗೆದುಕೊಂಡ. ಉಳಿದ ಒಬ್ಬನೇ ಸಾಕ್ಷಿ, ತಾನು ತಪ್ಪು ಕಂಡಿರಬಹುದು ಎಂದ. ಇದನ್ನೆಲ್ಲ ತಿಳಿಸುವ ನಿಕ್‌ನೇ, ಅವಳ ಸುಳ್ಳಿಗೆ ಮದ್ದಿಲ್ಲ ಎಂದು ಷರಾ ಬರೆಯುತ್ತಾನೆ. ಹೆಂಗಸಿನ ಅಪ್ರಾಮಾಣಿಕತೆಯನ್ನು ಅಷ್ಟೇನೂ ದೂಷಿಸಬೇಕಿಲ್ಲ ಎಂದು ದೊಡ್ಡತನವನ್ನೂ ಮೆರೆಯುತ್ತಾನೆ. ಅದೇ ಮೂರನೆಯ ಅಧ್ಯಾಯದ ಕೊನೆಗೆ, ತಾನು ಕಂಡ ಕೆಲವೇ ಪ್ರಾಮಾಣಿಕರಲ್ಲಿ ತಾನೂ ಒಬ್ಬ ಎನ್ನುತ್ತಾನೆ. ಆ ಹೊತ್ತಿಗೆ ಊರಿನ ಇನ್ನೊಬ್ಬ ಹುಡುಗಿಗೆ ಅವನಿಂದ ವಾರವಾರ ಪ್ರೀತಿಯ ಸಹಿಯ ಕಾಗದ ಹೋಗುತ್ತಿರುತ್ತದೆ. ಇನ್ನು, ಎದೆಯಲ್ಲಿ ಏನೂ ಇಲ್ಲ ಎಂದು ನಿನಗೆ ತೋರಿಸಿದ ಅವಳ ಮೌನ. ಪತ್ರಿಕೆಗಳಲ್ಲಿ ಚಿತ್ರ ಅಚ್ಚಾಗುವ, ಊರ ಬಾಯಿಗೆ ಸಿಕ್ಕ, ಮುದುಕಿ ಅತ್ತೆಯೊಬ್ಬಳ ಹೊರತು ಬೇರೆ ಬಳಗವಿಲ್ಲದ ಆಟಗಾರ್ತಿಗೆ ಬಿಗಿದ ಮುಖವೇ ರಕ್ಷೆ. ಆ ಬಿಗಿ ಎರಡು ಸಲ ಸಡಿಲುತ್ತದೆ. ಟಾಮ್ ಎಂಬ ಹಣವಂತನ ಪ್ರೇಯಸಿ ಮರ್ಟಲ್ ಸತ್ತ ರಾತ್ರಿ ಅವಳು ನಿಕ್‌ನ ತೋಳು ಮುಟ್ಟಿ ಒಳಗೆ ಬಾ ಎಂದು ಕರೆಯುತ್ತಾಳೆ. ಎಲ್ಲರ ಮೇಲೂ ರೋಸಿಹೋದ ಅವನು ಒಲ್ಲೆನ್ನುತ್ತಾನೆ. ಕೊನೆಯ ಭೇಟಿಯಲ್ಲಿ, ಈಗ ನಿನ್ನ ಗೊಡವೆ ನನಗಿಲ್ಲ, ಆದರೆ ನೀನು ಬಿಟ್ಟಾಗ ಸ್ವಲ್ಪ ದಿನ ತಲೆ ತಿರುಗಿದಂತಾಗಿತ್ತು ಎಂಬರ್ಥದ ಮಾತಾಡುತ್ತಾಳೆ. ನೋವನ್ನು ಇಷ್ಟು ಅಳೆದು ಆಡುವವಳ ಒಳಗೆ ಏನೂ ಇಲ್ಲ ಎನ್ನಲು ಹೇಗೆ ಬಂದೀತು?

ಹಾಗಾದರೆ ಅವಳು ಸಾಧ್ವಿಯೇ ಎಂದು ನೀನು ಕೇಳಬಹುದು. ಅಲ್ಲ. ಎರವಲು ತಂದ ಕಾರನ್ನು ಮಾಡು ಮುಚ್ಚದೆ ಮಳೆಯಲ್ಲಿ ಬಿಟ್ಟು ಸುಳ್ಳು ಹೇಳುತ್ತಾಳೆ. ಕೂಲಿಯವನ ಕೋಟಿನ ಗುಂಡಿಗೆ ತಾಗುವಷ್ಟು ಹತ್ತಿರ ಕಾರು ಓಡಿಸುತ್ತಾಳೆ. ಹಣವಂತರ ಉಡಾಫೆ ಅವಳಲ್ಲೂ ಇದೆ. ಆದರೆ ಉಡಾಫೆ ಬೇರೆ, ಭಾವಶೂನ್ಯತೆ ಬೇರೆ. ಎಲ್ಲವನ್ನೂ ಒಡೆದು ಹಣದ ಮರೆಗೆ ಸರಿದವರು ಎಂದು ಕಾದಂಬರಿಯ ಕೊನೆಯಲ್ಲಿ ನಿಕ್ ಹೆಸರಿಸುವುದು ಟಾಮ್ ಮತ್ತು ಅವನ ಹೆಂಡತಿ ಡೇಸಿಯನ್ನು ಮಾತ್ರ. ಆ ಪಟ್ಟಿಯಲ್ಲಿ ಜೋರ್ಡನ್ ಇಲ್ಲ. ಅವಳ ಪರವಾದ ಸಾಕ್ಷ್ಯವನ್ನೂ ನಿಕ್‌ನೇ ಕೊಟ್ಟಿರುವಾಗ ಅವನದು ಪಕ್ಷಪಾತ ಹೇಗಾದೀತು ಎಂಬುದು ಮೊದಲಿನ ಪ್ರಶ್ನೆಗಿಂತ ಗಟ್ಟಿಯಾದ ಆಕ್ಷೇಪ. ಆದರೆ ಪಕ್ಷಪಾತಿ ಸುಳ್ಳನೇ ಆಗಬೇಕಿಲ್ಲ. ನಿಕ್ ಕಂಡದ್ದನ್ನು ಮುಚ್ಚಿಡುವುದಿಲ್ಲ. ತೂಗುವಾಗ ತಕ್ಕಡಿಯನ್ನು ತನ್ನ ಕಡೆಗೆ ವಾಲಿಸುತ್ತಾನೆ. ಆ ವಾಲು ನಮಗೆ ಕಾಣುವಂತೆ ಬರೆದಿರುವುದು ಫಿಟ್ಜೆರಾಲ್ಡ್‌ನ ಕುಶಲತೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಿನಗೆ ಗೊತ್ತು. ಜೋರ್ಡನ್‌ಳನ್ನು ನೀನು ಕಂಡದ್ದು ನಿಕ್‌ನ ಕಣ್ಣಿಂದ. ಮೂರನೆಯ ಅಧ್ಯಾಯವನ್ನು ಇನ್ನೊಮ್ಮೆ ಓದು. ಅವನ ಷರಾಗಳ ಮೇಲೆ ಪೆನ್ಸಿಲಿನಿಂದ ಗೆರೆ ಎಳೆ, ಉಳಿದ ಜೋರ್ಡನ್ ಹೇಗಿದ್ದಾಳೆ ಎಂದು ನನಗೆ ಬರೆ.

ಇಂತು,
ನಿನ್ನ ಹಿತೈಷಿ