ಜಾಮೀನು, ಪೂಲ್ ಮತ್ತು ಗೋದಾಮು ರಸೀದಿ: ಕ್ರಿಪ್ಟೊ ವ್ಯವಹಾರದ ಬಗ್ಗೆ ಒಂದು ಪಾಠ



ಕಳೆದ ಸಾಲಿನ ಅಡಿಕೆ ಸುಗ್ಗಿ ಮುಗಿದ ಹೊತ್ತಿನಲ್ಲಿ ನಮ್ಮ ಸದಸ್ಯರೊಬ್ಬರು ಕಚೇರಿಗೆ ಬಂದು, "ಸೆಕ್ರೆಟರಿಯವರೇ, ಈ ಸ್ಟೇಕಿಂಗ್ ಅಂದ್ರೆ ನಮ್ಮ ಎಫ್.ಡಿ. ಇದ್ದ ಹಾಗೇ ಅಲ್ವಾ?" ಎಂದು ಕೇಳಿದರು. ಆ ವಿಷಯ ನನಗೆ ತಿಳಿದಿರಲಿಲ್ಲ. ತಿಳಿಯದು ಎಂದು ನೇರವಾಗಿ ಹೇಳದೆ, "ಹಾಗೇ ಏನೋ ಇರಬೇಕು, ವಿಚಾರಿಸಿ ಮಾಡಿ" ಎಂದುಬಿಟ್ಟೆ. ಅವರು ಫೋನಿನಲ್ಲಿ ಬಂದ ಒಂದು ಆ್ಯಪ್‌ಗೆ ಚಾಲಿ ಅಡಿಕೆ ಮಾರಿದ ಹಣ ಹಾಕಿದರು. ದಿನಕ್ಕೆ ಶೇಕಡಾ 1 ಲಾಭವೆಂದು ಅದರಲ್ಲಿ ಬರೆದಿತ್ತು. ಹಣ ವಾಪಸು ಕೇಳಿದಾಗ "ಮೊದಲು ತೆರಿಗೆ ಕಟ್ಟಿ" ಎಂಬ ಉತ್ತರ ಬಂತು, ಅದನ್ನೂ ಕಟ್ಟಿದರು, ಆಮೇಲೆ ಉತ್ತರವೇ ನಿಂತಿತು. ಎಲೆಚುಕ್ಕಿ ರೋಗಕ್ಕೆ ಮದ್ದು ಹೊಡೆಸಲು ಮತ್ತು ಹೊಸ ಸಸಿ ನೆಡಲು ಇಟ್ಟಿದ್ದ ಹಣ ಅದು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಅಂದು ನಾನು ಕೊಡಬೇಕಾಗಿದ್ದ ಉತ್ತರವೇ ಈ ಪಾಠ. ಈ ವ್ಯವಹಾರವೆಲ್ಲ ಮೋಸವೆಂದು ಹೇಳುವುದು ಇದರ ಉದ್ದೇಶವಲ್ಲ. ಅದರಲ್ಲಿ ನಿಜವಾದ ಯಂತ್ರವೊಂದಿದೆ, ಆ ಯಂತ್ರದ ಹೆಸರು ಹೇಳಿಕೊಂಡು ಮಾಡುವ ಮೋಸವೂ ಇದೆ. ನಿಜವಾದದ್ದು ಹೇಗೆ ನಡೆಯುತ್ತದೆಂದು ತಿಳಿದರೆ ಸುಳ್ಳನ್ನು ಗುರುತಿಸುವುದು ಸುಲಭವಾಗುತ್ತದೆ.

1. ಖಾತೆ ಪುಸ್ತಕ

ಬ್ಲಾಕ್‌ಚೈನ್ ಎಂಬುದು ಒಂದು ಖಾತೆ ಪುಸ್ತಕ. ನಮ್ಮ ಸಂಘದ ಖಾತೆ ಪುಸ್ತಕ ಒಂದೇ ಕಡೆ ಇರುತ್ತದೆ. ಇದರ ಪ್ರತಿಗಳಾದರೋ ಸಾವಿರಾರು ಕಂಪ್ಯೂಟರುಗಳಲ್ಲಿ ಇರುತ್ತವೆ. ಅದರಲ್ಲಿ ಯಾರ ಹೆಸರಿಗೆ ಎಷ್ಟು ಎಂದು ಬರೆಯುವ ಘಟಕಕ್ಕೆ ಟೋಕನ್ ಎನ್ನುತ್ತಾರೆ. 2009ರಲ್ಲಿ ಆರಂಭವಾದ ಬಿಟ್‌ಕಾಯಿನ್ ಇಂಥ ಮೊದಲ ಪುಸ್ತಕ. 2015ರ ಜುಲೈನಲ್ಲಿ ಎಥೀರಿಯಂ ಬಂತು; ಅದರ ನಾಣ್ಯಕ್ಕೆ ಈಥರ್ ಎಂದು ಹೆಸರು.

ಪುಸ್ತಕ ಬೇರೆ, ನಾಣ್ಯ ಬೇರೆ ಎಂಬುದನ್ನು ಗಮನಿಸಬೇಕು. 2019ರ ಮಾರ್ಚಿಯಲ್ಲಿ ಕಾಫಿ ಮಂಡಳಿಯು ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆಯ ಪ್ರಯೋಗವನ್ನು ಆರಂಭಿಸಿತು. ಕಾಫಿ ಯಾವ ತೋಟದ್ದೆಂದು ಕೊಳ್ಳುವವರಿಗೆ ತೋರಿಸುವ ದಾಖಲೆಗಾಗಿ ಅದು ಬಂದದ್ದು. "ಕಾಫಿ ಮಂಡಳಿಯೇ ಬ್ಲಾಕ್‌ಚೈನ್ ಒಪ್ಪಿದೆ" ಎಂದು ಹೇಳಿ ಯಾರಾದರೂ ನಾಣ್ಯ ಮಾರಲು ಬಂದರೆ ಈ ವ್ಯತ್ಯಾಸವನ್ನು ನೆನಪಿಸಿಕೊಳ್ಳಿ.

2. ಸ್ಟೇಕಿಂಗ್ ಠೇವಣಿಯಲ್ಲ, ಜಾಮೀನು

ಸಂಘದ ಗುಮಾಸ್ತರು ಕೆಲಸಕ್ಕೆ ಸೇರುವಾಗ ಭದ್ರತಾ ಠೇವಣಿ ಇಡುತ್ತಾರೆ. ಲೆಕ್ಕದಲ್ಲಿ ತಪ್ಪು ಮಾಡಿದರೆ ಅದು ಮುಟ್ಟುಗೋಲಾಗುತ್ತದೆ. ಸ್ಟೇಕಿಂಗ್ ಎಂದರೆ ಹೆಚ್ಚುಕಡಮೆ ಇದೇ.

ಎಥೀರಿಯಂ ಪುಸ್ತಕದ ಮುಂದಿನ ಪುಟವನ್ನು ಯಾರು ಬರೆಯಬೇಕೆಂಬುದು ಮೊದಲು ಕಂಪ್ಯೂಟರುಗಳ ಪೈಪೋಟಿಯಿಂದ ತೀರ್ಮಾನವಾಗುತ್ತಿತ್ತು. ಅದಕ್ಕೆ ವಿಪರೀತ ವಿದ್ಯುತ್ ಬೇಕಾಗುತ್ತಿತ್ತು. 2022ರ ಸೆಪ್ಟೆಂಬರ್ 15ರಂದು ಆ ಪದ್ಧತಿಯನ್ನು ಬಿಟ್ಟು ಜಾಮೀನಿನ ಪದ್ಧತಿಗೆ ಬಂದರು. ಪುಟ ಬರೆಯುವವರು, ಅಂದರೆ ವ್ಯಾಲಿಡೇಟರುಗಳು, ಕನಿಷ್ಠ 32 ಈಥರ್ ಜಾಮೀನಿಡಬೇಕು. ಸರಿಯಾಗಿ ಬರೆದರೆ ಪ್ರತಿಫಲ ಸಿಗುತ್ತದೆ. ಕಂಪ್ಯೂಟರು ಕೆಲಸ ನಿಲ್ಲಿಸಿದರೆ ಸ್ವಲ್ಪ ಸ್ವಲ್ಪವಾಗಿ ಕಡಿತವಾಗುತ್ತದೆ. ಒಂದೇ ಪುಟಕ್ಕೆ ಎರಡು ಬಗೆಯ ಲೆಕ್ಕಕ್ಕೆ ಸಹಿ ಹಾಕಿದರೆ ಜಾಮೀನಿನ ಒಂದು ಭಾಗ ಮುಟ್ಟುಗೋಲಾಗಿ, ಅವರನ್ನು ಹೊರಗೆ ಹಾಕಲಾಗುತ್ತದೆ.

ಪ್ರತಿಫಲ ಬರುವ ಮೂಲಗಳು ಎರಡು: ಹೊಸದಾಗಿ ಸೃಷ್ಟಿಯಾಗುವ ಈಥರ್ ಮತ್ತು ಪುಸ್ತಕ ಬಳಸುವವರು ಕೊಡುವ ಶುಲ್ಕ. ಈಚಿನ ವರ್ಷಗಳಲ್ಲಿ ಇದು ವರ್ಷಕ್ಕೆ ಶೇಕಡಾ 3ರ ಆಸುಪಾಸಿನಲ್ಲಿದೆ. 32 ಈಥರ್ ಇಟ್ಟವರಿಗೆ ವರ್ಷಕ್ಕೆ ಸುಮಾರು ಒಂದು ಈಥರ್ ಬಂದಂತಾಯಿತು. ಇನ್ನು ದಿನಕ್ಕೆ ಶೇಕಡಾ 1ರ ಲೆಕ್ಕ ಹಾಕಿ ನೋಡೋಣ. ಲಾಭವನ್ನೂ ಅಲ್ಲೇ ಬಿಟ್ಟರೆ 1 ಲಕ್ಷ ರೂಪಾಯಿ ಒಂದು ವರ್ಷದಲ್ಲಿ 37 ಲಕ್ಷ ದಾಟುತ್ತದೆ. ಯಾವ ಪುಸ್ತಕದ ಶುಲ್ಕವೂ ಇಷ್ಟನ್ನು ಕೊಡಲಾರದು. ಈ ಒಂದು ಗುಣಾಕಾರವನ್ನು ಅಂದು ಕಚೇರಿಯ ಮೇಜಿನ ಮೇಲೆ ನಾವಿಬ್ಬರೂ ಕುಳಿತು ಮಾಡಿದ್ದರೆ ಸಾಕಾಗಿತ್ತು.

ನಿಜವಾದ ಸ್ಟೇಕಿಂಗಿನಲ್ಲೂ ಮೂರು ತೊಡಕುಗಳಿವೆ. ಮೊದಲನೆಯದು, ಪ್ರತಿಫಲ ಬರುವುದು ಈಥರ್ ರೂಪದಲ್ಲಿ, ರೂಪಾಯಿಯಲ್ಲಲ್ಲ. 2021ರ ನವೆಂಬರಿನಲ್ಲಿ ಒಂದು ಈಥರ್ 4,800 ಡಾಲರಿನ ಸಮೀಪಕ್ಕೆ ಏರಿತ್ತು. 2022ರ ಜೂನಿನಲ್ಲಿ 1,000 ಡಾಲರಿಗೂ ಕೆಳಗೆ ಇಳಿಯಿತು. ಶೇಕಡಾ 3ರ ಪ್ರತಿಫಲ ಇಂಥ ಕುಸಿತವನ್ನು ತುಂಬಲಾರದು. ಎರಡನೆಯದು, ಬೇಕೆಂದಾಗ ಹಣ ಕೈಗೆ ಬಾರದು. 2020ರ ಡಿಸೆಂಬರಿನಲ್ಲಿ ಈ ವ್ಯವಸ್ಥೆ ಶುರುವಾದಾಗ ಜಾಮೀನಿಟ್ಟವರು ಅದನ್ನು ಹಿಂತೆಗೆಯಲು ಸಾಧ್ಯವಾದದ್ದು 2023ರ ಏಪ್ರಿಲ್ 12ರ ನಂತರವೇ. ಈಗಲೂ ಹೊರಬರಲು ಸರದಿ ಕಾಯಬೇಕು. ಮೂರನೆಯದು ರಸೀದಿಯ ತೊಡಕು. 32 ಈಥರ್ ಇಲ್ಲದವರಿಂದ ಸ್ವಲ್ಪ ಸ್ವಲ್ಪ ಸಂಗ್ರಹಿಸಿ ಜಾಮೀನಿಟ್ಟು, ಅವರಿಗೆ ರಸೀದಿ ಟೋಕನ್ ಕೊಡುವ ವ್ಯವಸ್ಥೆಗಳಿವೆ. ಲಿಡೊ ಎಂಬುದು ಅವುಗಳಲ್ಲಿ ದೊಡ್ಡದು. ರಸೀದಿಯನ್ನು ಪೇಟೆಯಲ್ಲಿ ಮಾರಬಹುದು. ಆದರೆ 2022ರ ಜೂನಿನಲ್ಲಿ ಎಲ್ಲರೂ ಒಟ್ಟಿಗೆ ಮಾರಲು ಹೊರಟಾಗ ಲಿಡೊ ರಸೀದಿಯ ಬೆಲೆ ಈಥರ್‌ಗಿಂತ ಸುಮಾರು ಶೇಕಡಾ 5ರಷ್ಟು ಕೆಳಗೆ ಹೋಯಿತು.

3. ಮಂಡಿಯಿಲ್ಲದ ಮಾರಾಟ

ಅಡಿಕೆ ಮಂಡಿಯಲ್ಲಿ ಮಾರುವವರು, ಕೊಳ್ಳುವವರು, ನಡುವೆ ಟೆಂಡರು ತೆರೆಯುವವರು ಇರುತ್ತಾರೆ. ವಿಕೇಂದ್ರೀಕೃತ ವಿನಿಮಯದಲ್ಲಿ ಮಂಡಿಯ ಯಜಮಾನರೇ ಇಲ್ಲ. ಎರಡು ರಾಶಿ ಮತ್ತು ಒಂದು ಸೂತ್ರ ಇವೆ, ಅಷ್ಟೆ. 2018ರ ನವೆಂಬರಿನಲ್ಲಿ ಎಥೀರಿಯಂ ಮೇಲೆ ಆರಂಭವಾದ ಯೂನಿಸ್ವಾಪ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಆ ಎರಡು ರಾಶಿಗಳಿಗೆ ಅಲ್ಲಿ ಪೂಲ್ ಎಂದೇ ಹೆಸರು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪೂಲಿನಲ್ಲಿ "ಅ" ಟೋಕನ್ 100, "ಬ" ಟೋಕನ್ 1,000 ಇವೆ. ಎರಡನ್ನೂ ಗುಣಿಸಿದರೆ 1,00,000. ಪ್ರತಿ ವಹಿವಾಟಿನ ನಂತರವೂ ಈ ಗುಣಲಬ್ಧ ಹಾಗೆಯೇ ಉಳಿಯಬೇಕೆಂಬುದೇ ಸೂತ್ರ. ಆರಂಭದಲ್ಲಿ ಒಂದು ಅ-ಗೆ 10 ಬ ಬೆಲೆ. ಒಬ್ಬರು 10 ಅ ಕೊಳ್ಳುತ್ತಾರೆ; ಉಳಿಯುವುದು 90. 1,00,000ವನ್ನು 90ರಿಂದ ಭಾಗಿಸಿದರೆ 1,111. ಆದ್ದರಿಂದ ಅವರು 111 ಬ ಹಾಕಬೇಕು. ಒಂದೊಂದಕ್ಕೆ 11ಕ್ಕೂ ಮೇಲೆ ಬಿತ್ತು. ಇದರ ಮೇಲೆ ಶುಲ್ಕ ಬೇರೆ. ಯೂನಿಸ್ವಾಪ್‌ನಲ್ಲಿ ಮೊದಲಿಗೆ ಅದು ಶೇಕಡಾ 0.3 ಇತ್ತು. ಪೂಲ್ ಚಿಕ್ಕದಾಗಿದ್ದು ಕೊಳ್ಳುವ ಪ್ರಮಾಣ ದೊಡ್ಡದಾದಷ್ಟೂ ನಷ್ಟ ಹೆಚ್ಚು.

ಪೂಲಿಗೆ ಟೋಕನ್ ಕೊಟ್ಟವರಿಗೆ ಶುಲ್ಕದ ಪಾಲು ಬರುತ್ತದೆ. "ಇಲ್ಲೂ ಲಾಭವಿದೆ" ಎಂದು ಪ್ರಚಾರ ಮಾಡುವುದು ಇದನ್ನೇ. ಆದರೆ ಹೊರಗೆ ಅ-ದ ಬೆಲೆ 10ರಿಂದ 40ಕ್ಕೆ ಏರಿತೆಂದುಕೊಳ್ಳಿ. ವ್ಯಾಪಾರಿಗಳು ಪೂಲಿನಿಂದ ಅಗ್ಗದ ಅ-ವನ್ನು ಎತ್ತುತ್ತಾ ಹೋಗಿ ಕೊನೆಗೆ 50 ಅ, 2,000 ಬ ಉಳಿಯುತ್ತವೆ. ಒಟ್ಟು ಮೌಲ್ಯ 4,000 ಬ. ಪೂಲಿಗೆ ಕೊಡದೆ ಮನೆಯಲ್ಲೇ ಇಟ್ಟುಕೊಂಡಿದ್ದರೆ 5,000 ಬ ಆಗುತ್ತಿತ್ತು. ಏರಿದ ಮಾಲು ಕೈಬಿಟ್ಟುಹೋಗಿ, ಏರದ ಮಾಲು ಕೈಯಲ್ಲಿ ಉಳಿಯಿತು. ಶುಲ್ಕದ ಪಾಲು ಈ ಶೇಕಡಾ 20ರ ಅಂತರವನ್ನು ತುಂಬಿದರೆ ಮಾತ್ರ ಲಾಭ.

ನಮ್ಮಲ್ಲಿ ಹಿರಿಯರಿಗೆ ಪೂಲ್ ಎಂದೊಡನೆ ಕಾಫಿ ಮಂಡಳಿಯ ಪೂಲ್ ನೆನಪಾಗುತ್ತದೆ. 1990ರ ದಶಕದ ಮಧ್ಯದವರೆಗೂ ಕಾಫಿಯನ್ನು ಅಲ್ಲಿಗೆ ಒಪ್ಪಿಸಿ ಕಂತು ಕಂತಾಗಿ ಹಣ ಪಡೆದವರು ನಾವು. ತಡವಾಯಿತೆಂದು ಬೈದದ್ದೂ ಉಂಟು, ಆದರೆ ಬೈಯಲು ಒಂದು ಮಂಡಳಿ ಇತ್ತು. ಇಲ್ಲಿ ಸೂತ್ರಕ್ಕೆ ಅಹವಾಲು ಹೇಳಿಕೊಳ್ಳುವಂತಿಲ್ಲ. ತಪ್ಪು ವಿಳಾಸಕ್ಕೆ ಹೋದ ಟೋಕನನ್ನು ಹಿಂದಕ್ಕೆ ಕೊಡಿಸುವವರೂ ಇಲ್ಲ. ಅಲ್ಲದೆ, ಯಾರು ಬೇಕಾದರೂ ಯಾವ ಟೋಕನಿಗೆ ಬೇಕಾದರೂ ಪೂಲ್ ತೆರೆಯಬಹುದು. ಆದುದರಿಂದ ಒಂದು ಟೋಕನ್ ಅಲ್ಲಿ ಮಾರಾಟಕ್ಕಿದೆ ಎಂಬುದು ಅದರ ಯೋಗ್ಯತೆಗೆ ಪುರಾವೆಯಲ್ಲ.

4. ಸೇತುವೆಯ ಮೇಲೆ ಹೋಗುವುದು ರಸೀದಿ

ಒಂದು ಬ್ಲಾಕ್‌ಚೈನಿನ ಟೋಕನ್ ಇನ್ನೊಂದರ ಪುಸ್ತಕಕ್ಕೆ ನೇರವಾಗಿ ಹೋಗಲಾರದು. ಅದಕ್ಕಾಗಿ ಬ್ರಿಜ್, ಅಂದರೆ ಸೇತುವೆ, ಎಂಬ ಏರ್ಪಾಡಿದೆ. ಹೆಸರು ಕೇಳಿದರೆ ಮಾಲೇ ದಾಟುತ್ತದೆಂದು ಅನ್ನಿಸುತ್ತದೆ. ಸಾಮಾನ್ಯವಾಗಿ ನಡೆಯುವುದು ಬೇರೆ: ಈ ದಡದಲ್ಲಿ ಟೋಕನನ್ನು ಬೀಗ ಹಾಕಿಟ್ಟು, ಆ ದಡದಲ್ಲಿ ಅಷ್ಟಕ್ಕೇ ರಸೀದಿ ಟೋಕನ್ ಕೊಡುತ್ತಾರೆ. ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿ ಇಟ್ಟು ಅದರ ರಸೀದಿಯನ್ನು ಕೈ ಬದಲಾಯಿಸಿದ ಹಾಗೆ. ಗೋದಾಮಿನಲ್ಲಿ ಚೀಲ ಇರುವ ತನಕ ರಸೀದಿಗೆ ಬೆಲೆ.

ಇದು ಎರಡು ರೀತಿಯಲ್ಲಿ ಕೆಡಬಹುದು, ಎರಡೂ 2022ರಲ್ಲಿ ನಡೆದವು. ಫೆಬ್ರವರಿಯಲ್ಲಿ ವರ್ಮ್‌ಹೋಲ್ ಎಂಬ ಸೇತುವೆಯ ಸಹಿ ಪರಿಶೀಲನೆಯಲ್ಲಿ ದೋಷವಿದ್ದುದರಿಂದ, ಮಾಲು ಇಡದೆಯೇ 1,20,000 ಈಥರ್‌ನ ರಸೀದಿಗಳನ್ನು ಕಳ್ಳರು ಸೊಲಾನಾ ಪುಸ್ತಕದಲ್ಲಿ ಸೃಷ್ಟಿಸಿಕೊಂಡರು. ಅದರ ಬೆಂಬಲಕ್ಕಿದ್ದ ಹಣಕಾಸು ಸಂಸ್ಥೆ ತನ್ನ ಕೈಯಿಂದ ತುಂಬಿಕೊಟ್ಟಿತು.

ಮಾರ್ಚಿಯಲ್ಲಿ ರೋನಿನ್ ಸೇತುವೆಯ ಗೋದಾಮೇ ಬರಿದಾಯಿತು. ವಿಯೆಟ್ನಾಮಿನ ಸ್ಕೈ ಮೇವಿಸ್ ಕಂಪೆನಿಯ ಆಕ್ಸಿ ಇನ್ಫಿನಿಟಿ ಎಂಬ ಆಟಕ್ಕಾಗಿ ಈ ಸೇತುವೆ ಇತ್ತು. ಹಣ ತೆಗೆಯಲು 9 ಸಹಿಗಳಲ್ಲಿ 5 ಬೇಕಾಗಿದ್ದವು. ಅದರಲ್ಲಿ 4 ಆ ಕಂಪೆನಿಯ ಬಳಿಯೇ ಇದ್ದವು. ಐದನೆಯದು ಆಟದ ಇನ್ನೊಂದು ಮಂಡಲಿಯದು. 2021ರ ನವೆಂಬರಿನಲ್ಲಿ ಕೆಲಸದ ಒತ್ತಡದ ಕಾರಣ ಆ ಮಂಡಲಿ ತನ್ನ ಪರವಾಗಿ ಸಹಿ ಹಾಕಲು ಕಂಪೆನಿಗೆ ತಾತ್ಕಾಲಿಕ ಅಧಿಕಾರ ಕೊಟ್ಟಿತ್ತು. ಡಿಸೆಂಬರಿನಲ್ಲಿ ಆ ಏರ್ಪಾಡು ಮುಗಿದರೂ ಅಧಿಕಾರವನ್ನು ರದ್ದು ಮಾಡಿರಲಿಲ್ಲ. ಮಾರ್ಚ್ 23ರಂದು ಕಳ್ಳರು ಐದೂ ಸಹಿ ಬಳಸಿ 1,73,600 ಈಥರ್ ಮತ್ತು 2.55 ಕೋಟಿ ಡಾಲರ್ ಟೋಕನುಗಳನ್ನು ಸಾಗಿಸಿದರು. ಒಟ್ಟು 60 ಕೋಟಿ ಡಾಲರಿಗೂ ಮಿಗಿಲು. ಆರು ದಿನ ಇದು ಯಾರಿಗೂ ತಿಳಿಯಲಿಲ್ಲ. ಒಬ್ಬರು 5,000 ಈಥರ್ ತೆಗೆಯಲು ಹೋಗಿ ಸಿಗದಿದ್ದಾಗಲೇ ಗೊತ್ತಾದದ್ದು. ಇದು ಉತ್ತರ ಕೊರಿಯಾದ ಲಜಾರಸ್ ತಂಡದ ಕೃತ್ಯವೆಂದು ಅಮೆರಿಕದ ಎಫ್.ಬಿ.ಐ. ಏಪ್ರಿಲ್‌ನಲ್ಲಿ ಹೇಳಿತು. ಕಂಪೆನಿ ಹಣ ಹೊಂದಿಸಿಕೊಂಡು ಜೂನಿನಲ್ಲಿ ಸೇತುವೆಯನ್ನು ಮತ್ತೆ ತೆರೆಯಿತು.

ಸಹಕಾರ ಸಂಘ ನಡೆಸುವವರಿಗೆ ಈ ಕಥೆ ಹೊಸದಲ್ಲ. ಅಧಿಕಾರ ಬಿಟ್ಟ ಅಧ್ಯಕ್ಷರ ಸಹಿಯನ್ನು ಬ್ಯಾಂಕಿನಲ್ಲಿ ರದ್ದು ಮಾಡಿಸದೆ ಬಿಟ್ಟರೆ ಏನಾಗಬಹುದೆಂದು ಪ್ರತಿ ಲೆಕ್ಕ ಪರಿಶೋಧಕರೂ ನಮಗೆ ಎಚ್ಚರಿಸುತ್ತಾರೆ. ಯಂತ್ರ ಎಷ್ಟೇ ಹೊಸದಾದರೂ ಬೀಗದ ಕೈ ಯಾರ ಬಳಿ ಇದೆ ಎಂಬ ಪ್ರಶ್ನೆ ಹಳೆಯದೇ.

5. ನಮ್ಮ ದೇಶದ ಕಾನೂನು

2022ರ ಏಪ್ರಿಲ್‌ನಿಂದ ಇಂಥ ಟೋಕನ್ ಮಾರಿ ಬಂದ ಲಾಭಕ್ಕೆ ಶೇಕಡಾ 30 ತೆರಿಗೆ, ಅದರ ಮೇಲೆ ಸೆಸ್. ಅದೇ ಜುಲೈಯಿಂದ ಮಾರಾಟದ ಮೊತ್ತದಲ್ಲಿ ಶೇಕಡಾ 1ರ ಮೂಲ ತೆರಿಗೆ ಕಡಿತದ ನಿಯಮವೂ ಬಂದಿದೆ. ಒಂದು ಟೋಕನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಒಂದರಲ್ಲಿ 1 ಲಕ್ಷ ಲಾಭ, ಇನ್ನೊಂದರಲ್ಲಿ 1 ಲಕ್ಷ ನಷ್ಟವಾದರೆ ಕೈಗೆ ಬಂದದ್ದು ಸೊನ್ನೆ. ತೆರಿಗೆ ಮಾತ್ರ ಸೆಸ್ ಸೇರಿ 31,200 ರೂಪಾಯಿ. ಈ ತೆರಿಗೆಯನ್ನು ಕಟ್ಟುವುದು ಸರ್ಕಾರಕ್ಕೆ. ಹಣ ವಾಪಸು ಕೊಡಲು ಆ್ಯಪಿನವರೇ ತಮಗೆ ತೆರಿಗೆ ಕಟ್ಟಿರೆಂದು ಕೇಳಿದರೆ ಅದು ಮೋಸವೆಂದೇ ತಿಳಿಯಿರಿ.

ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಟೋಕನಿಗೆ ಇಲ್ಲ. ನಮ್ಮಂಥ ಪ್ರಾಥಮಿಕ ಸಂಘದ ಠೇವಣಿಗೂ ಆ ವಿಮೆ ಇಲ್ಲವೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಇಲ್ಲಿ ಲೆಕ್ಕ ಪರಿಶೋಧನೆ ಇದೆ, ಮಹಾಸಭೆ ಇದೆ, ಎದ್ದು ನಿಂತು ಕೇಳುವ ಹಕ್ಕು ನಿಮಗಿದೆ.

6. ಹಣ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮುಂದಿನ ಅಧ್ಯಯನ ಕೂಟದಲ್ಲಿ ಇವನ್ನು ಚರ್ಚಿಸೋಣ. ಮನೆಯ ಮಕ್ಕಳನ್ನೂ ಕರೆತನ್ನಿ. ಈ ವಿಷಯದಲ್ಲಿ ಅವರಿಗೆ ನಮಗಿಂತ ಹೆಚ್ಚು ತಿಳಿದಿರುತ್ತದೆ.

(ಅ) ಲಾಭ ಯಾರ ಜೇಬಿನಿಂದ ಬರುತ್ತದೆ? ಒಂದೇ ವಾಕ್ಯದಲ್ಲಿ ಹೇಳಲು ಸಾಧ್ಯವೇ?

(ಆ) ಹೇಳಿದ ದರವನ್ನು ವರ್ಷಕ್ಕೆ ಲೆಕ್ಕ ಹಾಕಿದರೆ ಎಷ್ಟಾಗುತ್ತದೆ?

(ಇ) ಪ್ರತಿಫಲ ರೂಪಾಯಿಯಲ್ಲೋ, ಬೆಲೆ ಏರಿಳಿಯುವ ಟೋಕನಿನಲ್ಲೋ?

(ಈ) ನನ್ನ ಕೈಯಲ್ಲಿರುವುದು ಮಾಲೋ, ರಸೀದಿಯೋ? ರಸೀದಿಯಾದರೆ ಗೋದಾಮಿನ ಬೀಗದ ಕೈ ಎಷ್ಟು ಜನರ ಬಳಿ ಇದೆ?

(ಉ) ಕೊಳೆರೋಗಕ್ಕೆ ಮದ್ದು ಹೊಡೆಸಬೇಕಾದ ವಾರದಲ್ಲಿ ಈ ಹಣ ಕೈಗೆ ಸಿಗುತ್ತದೆಯೇ?

(ಊ) ಇದು ಪೂರ್ತಿ ಹೋದರೆ ತೋಟದ ಯಾವ ಕೆಲಸ ನಿಲ್ಲುತ್ತದೆ?

ಕೊನೆಯ ಪ್ರಶ್ನೆಗೆ "ಯಾವುದೂ ನಿಲ್ಲುವುದಿಲ್ಲ" ಎಂಬ ಉತ್ತರ ಬಂದರೆ, ಉಳಿದದ್ದು ಅವರವರ ವಿವೇಚನೆಗೆ ಬಿಟ್ಟದ್ದು. ಬೆಳೆ ಸಾಲದ ಹಣವನ್ನಂತೂ ಇದಕ್ಕೆ ಮುಟ್ಟಬೇಡಿ. ಮೋಸ ಹೋದುದು ಗೊತ್ತಾದ ಕೂಡಲೇ 1930 ಸಂಖ್ಯೆಗೆ ಫೋನ್ ಮಾಡಿ ದೂರು ಕೊಡಬೇಕು. ಹಣ ಇನ್ನೂ ಬ್ಯಾಂಕುಗಳ ನಡುವೆ ಇದ್ದರೆ ತಡೆಹಿಡಿಯುವ ಅವಕಾಶ ಉಂಟು. ನಮ್ಮ ಸದಸ್ಯರು ನಾಚಿಕೆಯಿಂದ ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ಆ ನಾಚಿಕೆಯಲ್ಲಿ ಅರ್ಧ ಪಾಲು ನನ್ನದಾಗಿರಬೇಕಿತ್ತು. ಇನ್ನು ಮುಂದೆ ಇಂಥ ಪ್ರಶ್ನೆ ಹಿಡಿದು ಯಾರೇ ಬಂದರೂ, ತಿಳಿಯದಿದ್ದರೆ ತಿಳಿಯದೆಂದೇ ಹೇಳಿ, ಕಾಗದ ಪೆನ್ಸಿಲು ತೆಗೆದುಕೊಂಡು ಜೊತೆಯಲ್ಲಿ ಕೂರುತ್ತೇನೆ.

— ಕಾರ್ಯದರ್ಶಿ