ಕೈಕಟ್ಟಿ ಕೂತ ಮಕ್ಕಳನ್ನು ಕಂಡು ಸಮಾಧಾನಪಡಬೇಡ

ಪ್ರೀತಿಯ ತಂಗಿ,

ನಿನ್ನ ಪತ್ರ ಓದಿ ಮೊದಲು ಖುಷಿಯಾಯಿತು, ಆಮೇಲೆ ಸಿಟ್ಟು ಬಂತು. ಸ್ಮಾರ್ಟ್ ಬೋರ್ಡ್ ಬಂದಮೇಲೆ ಗಲಾಟೆಯೇ ಇಲ್ಲ, ಪಾಠದ ವಿಡಿಯೊ ಹಾಕಿದರೆ ಮಕ್ಕಳು ಕೈಕಟ್ಟಿ ಕೂರುತ್ತಾರೆ ಎಂದು ಹೆಮ್ಮೆಯಿಂದ ಬರೆದಿದ್ದೀಯ. ನನಗೆ ಚಿಂತೆ ಹತ್ತಿದ್ದೇ ಆ ಕೈಕಟ್ಟಿದ ಮಾತು ಓದಿ.

ನಾನು ಮೊದಲು ಟಿ.ವಿ. ನೋಡಿದ್ದು ಶಾಲೆಯಲ್ಲಿ. 1975ರ ಆಗಸ್ಟ್‌ನಲ್ಲಿ ‘ಸೈಟ್’ ಪ್ರಯೋಗ ಶುರುವಾಗಿ, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಅಮೆರಿಕದ ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ ಬರುತ್ತಿತ್ತು. ರಾಯಚೂರು ಕಡೆಯ ನಮ್ಮೂರೂ ಅದರಲ್ಲೊಂದು. ಕೋಳಿಗೂಡಿಗೆ ಹೊಡೆಯುವಂಥ ತಂತಿಬಲೆಯ ಹತ್ತಡಿ ಅಗಲದ ಆಂಟೆನಾ ಆಕಾಶಕ್ಕೆ ಮುಖಮಾಡಿ ನಿಂತಿತ್ತು. ಬೆಳಗ್ಗೆ ಮಕ್ಕಳಿಗೆ, ಸಂಜೆ ಊರವರಿಗೆ. ಕಾರ್ಯಕ್ರಮ ಮುಗಿದದ್ದೇ ತಡ, ನಮ್ಮ ಮಾಸ್ತರರು ಟಿ.ವಿ. ಆರಿಸಿ, “ಈಗ ನಿಮ್ಮದು ತೋರಿಸಿರಿ” ಅನ್ನುತ್ತಿದ್ದರು. ಒಂದು ರಟ್ಟಿನ ಡಬ್ಬಿ, ಎರಡು ಜೋಳದ ದಂಟು, ಅಂಟಿಸಿ ಉದ್ದಮಾಡಿದ ಹಳೆ ನೋಟ್‌ಬುಕ್ಕಿನ ಹಾಳೆಗಳು. ಚಿತ್ರ ಬರೆಯುವವ ಒಬ್ಬ, ದಂಟು ತಿರುವುವವ ಇನ್ನೊಬ್ಬ, ಡಬ್ಬಿಯ ಹಿಂದೆ ಕೂತು ಕತೆ ಹೇಳುವವ ಮತ್ತೊಬ್ಬ. ಬಾವಿ ಬತ್ತಿದ್ದು, ಎತ್ತು ಕಳೆದದ್ದು, ಎಲ್ಲ ನಮ್ಮೂರವೇ ಕತೆಗಳು. ತರಗತಿಯಲ್ಲಿ ತುಟಿ ಬಿಚ್ಚದ ನಾನು ಮಾತು ಕಲಿತದ್ದು ಆ ಡಬ್ಬಿಯ ಹಿಂದೆ. 1976ರ ಜುಲೈಗೆ ಪ್ರಸಾರ ನಿಂತಿತು. ನೋಡಿದ ಕಾರ್ಯಕ್ರಮಗಳು ಬಹುಪಾಲು ಮರೆತುಹೋಗಿವೆ. ನಾವು ಮಾಡಿದವು ಇವತ್ತಿಗೂ ನೆನಪಿವೆ.

ನಾನೇ ಮಾಸ್ತರನಾದ ಮೇಲೆ ಒಂದು ಶಾಲೆಯಲ್ಲಿ ಕಂಪ್ಯೂಟರ್‌ಗಳು ಬಂದವು, ಬಂದ ದಿನವೇ ಕೋಣೆಗೆ ಬೀಗ ಬಿತ್ತು. ಮಕ್ಕಳು ಮುಟ್ಟಿದರೆ ಕೆಡುತ್ತವಂತೆ. ಧೂಳು ತಿಂದು ಹಾಳಾದವು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿವೃತ್ತಿಗೆ ಮುಂಚೆ ನನ್ನ ಹಳೆ ಲ್ಯಾಪ್‌ಟಾಪಿಗೆ ಸ್ಕ್ರ್ಯಾಚ್ ಎಂಬ ಕಂಪ್ಯೂಟರ್ ಭಾಷೆ ಹಾಕಿಸಿಕೊಂಡೆ. ಎಂಐಟಿಯವರು 2007ರಲ್ಲಿ ಮಕ್ಕಳಿಗೆಂದೇ ಬಿಟ್ಟದ್ದು. ದುಡ್ಡು ಕೊಡಬೇಕಿಲ್ಲ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ಟೂ ಬೇಡ. ಏಳನೇ ತರಗತಿಯ ಹುಡುಗಿಯೊಬ್ಬಳು ಅದರಲ್ಲಿ ಆರು ಮೂಲೆಯ ರಂಗೋಲಿ ಬರೆಸಲು ಹೊರಟಳು. ಷಡ್ಭುಜದ ಒಳಕೋನ 120 ಡಿಗ್ರಿ ಎಂದು ಬಾಯಿಪಾಠವಾಗಿತ್ತು. ಪ್ರತಿ ಮೂಲೆಗೆ 120 ತಿರುಗು ಎಂದು ಕೊಟ್ಟಳು, ತ್ರಿಭುಜ ಬಂತು. ನಾನು ಸುಮ್ಮನಿದ್ದೆ. ಎದ್ದು ಹೋಗಿ ನೆಲದ ಮೇಲೆ ಆರು ಬದಿಯನ್ನೂ ತಾನೇ ನಡೆದಳು, ಮೂಲೆ ಮೂಲೆಗೂ ನಿಂತು ಮೈ ಎಷ್ಟು ತಿರುಗಿತು ಎಂದು ನೋಡಿಕೊಂಡಳು, ಓಡಿಬಂದು 60 ಒತ್ತಿದಳು. ಸ್ಕ್ರ್ಯಾಚ್‌ಗಿಂತ ಬಹಳ ಹಿಂದೆ, 1967ರಲ್ಲಿ, ಲೋಗೋ ಎಂಬ ಭಾಷೆ ಕಟ್ಟಿದ ಸೇಮೂರ್ ಪ್ಯಾಪರ್ಟ್ ಮತ್ತು ಸಂಗಡಿಗರು ಬಯಸಿದ್ದೂ ಇದನ್ನೇ. ಯಾವ ವಿಡಿಯೊ ಇದನ್ನು ಕೊಡುತ್ತದೆ, ನೀನೇ ಹೇಳು.

ವಿಡಿಯೊ ಬೇಡವೇ ಬೇಡ ಅನ್ನುತ್ತಿಲ್ಲ. ಹೃದಯ ಬಡಿಯುವ ಬಗೆ, ಜ್ವಾಲಾಮುಖಿ ಉಕ್ಕುವ ಬಗೆ ನನ್ನ ಸೀಮೆಸುಣ್ಣಕ್ಕೆ ಎಟುಕಲಿಲ್ಲ. ಹತ್ತು ನಿಮಿಷ ತೋರಿಸು. ಆದರೆ ಸಿಲಬಸ್ ಮುಗಿಯುವುದಿಲ್ಲ ಎಂಬ ನೆಪ ನನ್ನ ಹತ್ತಿರ ಹೇಳಬೇಡ. ಬೋರ್ಡ್ ಹಚ್ಚಿಟ್ಟು ರಿಜಿಸ್ಟರ್ ತುಂಬುತ್ತ ಕೂರುವುದೇ ಪಾಠವಾದರೆ, ನಿನ್ನಂಥ ಜಾಣೆ ಅಲ್ಲಿ ಯಾಕೆ ಬೇಕು?

ಜೋರಾಗಿ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎರಡು ತರಗತಿ ಒಬ್ಬಳೇ ನೋಡುತ್ತೀ, ಬಿಸಿಯೂಟದ ಲೆಕ್ಕ, ಮಕ್ಕಳ ವಿವರದ ಸ್ಯಾಟ್ಸ್ ಎಂಟ್ರಿ ಬೇರೆ. ಅದಕ್ಕೇ ಮಕ್ಕಳು ತಾವೇ ಏನಾದರೂ ಮಾಡಲೆಂದು ವಾರಕ್ಕೊಂದೇ ಪಿರಿಯಡ್ ಕೇಳುತ್ತಿದ್ದೇನೆ. ಶುರುವಿಗೆ ನಿನ್ನ ಫೋನೇ ಸಾಕು. ಅಜ್ಜಿಯರ ಬೀಸುವ ಪದವನ್ನು ಮಕ್ಕಳೇ ರೆಕಾರ್ಡ್ ಮಾಡಲಿ, ತಾವೇ ಚಿತ್ರ ಬರೆದು ಫೋಟೊ ತೆಗೆದು ಹಾಡಿಗೆ ಜೋಡಿಸಿ ನಿನ್ನ ಬೋರ್ಡಿನ ಮೇಲೆ ಓಡಿಸಲಿ. ಹಿಂದಿನ ಬೆಂಚಿನವರ ಕೈಗೆ ಮೊದಲು ಕೊಡು, ಚುರುಕಿನವರು ಹೇಗೂ ನುಗ್ಗುತ್ತಾರೆ. ಮಕ್ಕಳ ಮುಖ ಮಾತ್ರ ವಾಟ್ಸಾಪ್‌ನಲ್ಲಿ ಊರಿಗೆಲ್ಲ ಹಂಚಬೇಡ. ಏನಾದರೂ ಕೆಟ್ಟರೆ ರಿಪೇರಿ ಖರ್ಚು ನನ್ನ ಪಿಂಚಣಿಯಿಂದ, ಹೆಡ್‌ಮಾಸ್ತರರಿಗೆ ಹಾಗೆಂದೇ ಹೇಳು. ಬರುವ ಸಂಭ್ರಮ ಶನಿವಾರ, ಮಕ್ಕಳು ಚೀಲವಿಲ್ಲದೆ ಬರುವ ದಿನ, ಲ್ಯಾಪ್‌ಟಾಪ್ ಹಿಡಿದು ನಾನೇ ಬರುತ್ತೇನೆ, ಮಕ್ಕಳಿಗೆ ತಿಳಿಸಿಡು.

ನಿನ್ನ ಹಳೆಯ ಮಾಸ್ತರ